ಉಬ್ಬಚ್ಚಿನ ಕಾರ್ಡುಗಳು

ಬೀದರಿನ ಪ್ರಾಚೀನ ವಸ್ತುಗಳೆಂದರೆ ಹೊರಗಿನವರಿಗೆ ಕೋಟೆ ನೆನಪಾಗುತ್ತದೆ, ಮಹಮೂದ್ ಗವಾನನ ಮದರಸಾ ನೆನಪಾಗುತ್ತದೆ, ಬಿದರಿಯ ಹೂಜಿ ನೆನಪಾಗುತ್ತದೆ. ಇವುಗಳನ್ನು ಕುರಿತು ಬರೆದವರು ಬಹಳ ಮಂದಿ. ನಾನು ಹೇಳಹೊರಟಿರುವುದು ಮೂರೂವರೆ ಅಂಗುಲ ಅಗಲ, ಐದೂವರೆ ಅಂಗುಲ ಉದ್ದದ ಒಂದು ರಟ್ಟಿನ ತುಂಡಿನ ವಿಷಯ. ಬೀದರ, ಭಾಲ್ಕಿ, ಔರಾದಗಳ ಹಳೆಯ ಕ್ರೈಸ್ತ ಮನೆಗಳಲ್ಲಿ ಟ್ರಂಕಿನ ತಳದಲ್ಲಿ, ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ, ಒಮ್ಮೊಮ್ಮೆ ಗೋಡೆಯ ಮೇಲಿನ ಕನ್ನಡಿಯ ಚೌಕಟ್ಟಿನ ಸಂದಿನಲ್ಲಿ ಇದು ಸಿಕ್ಕುತ್ತದೆ. ಮೇಲೆ ಕೆಂಪು ಹಣ್ಣಿನ ಹಸಿರು ಎಲೆ, ಗಂಟೆ, ಹಿಮ ಮುಚ್ಚಿದ ಮನೆ, ಗಡ್ಡದ ಮುದುಕ. ಬೆರಳಾಡಿಸಿದರೆ ಎಲೆಯ ನರವೂ ಗಂಟೆಯ ಅಂಚೂ ಕೈಗೆ ತಗಲುತ್ತವೆ. ಕಣ್ಣು ಮುಚ್ಚಿಕೊಂಡೂ ಚಿತ್ರವನ್ನು ಗುರುತಿಸಬಹುದು. ಇದು ಉಬ್ಬಚ್ಚಿನ ಕ್ರಿಸ್ಮಸ್ ಕಾರ್ಡು.

ನಾನು ಕನ್ನಡ ಪಂಡಿತಿಕೆ ಮಾಡಿ ಹೈಸ್ಕೂಲಿನಲ್ಲಿ ಪಾಠ ಹೇಳುವವನು. ನನಗೂ ಇಂತಹ ಕಾರ್ಡುಗಳಿಗೂ ಏನು ಸಂಬಂಧವೆಂದು ಸಹೋದ್ಯೋಗಿಗಳು ನಕ್ಕದ್ದುಂಟು. ಸಂಬಂಧವಿರುವುದು ಕಾರ್ಡಿನ ಮುಂಬದಿಗಲ್ಲ, ಹಿಂಬದಿಗೆ. ಆದರೆ ಮೊದಲು ಮುಂಬದಿಯ ಕಥೆಯನ್ನು ಹೇಳದೆ ಹಿಂಬದಿಗೆ ಹೋಗುವಂತಿಲ್ಲ.

ಕ್ರಿಸ್ಮಸ್ ಶುಭಾಶಯದ ಮೊದಲ ಅಚ್ಚಿನ ಕಾರ್ಡು ಹೊರಟದ್ದು 1843ರಲ್ಲಿ, ಲಂಡನ್ನಿನಲ್ಲಿ. ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿಗೆ ಹಬ್ಬದ ಕಾಗದಗಳಿಗೆಲ್ಲ ಉತ್ತರ ಬರೆದು ಪೂರೈಸಲಾಗಲಿಲ್ಲ. ಚಿತ್ರಕಾರ ಹಾರ್ಸ್ಲಿಯಿಂದ ಒಂದು ಚಿತ್ರ ಬರೆಯಿಸಿ, ಕಲ್ಲಚ್ಚಿನಲ್ಲಿ ಸುಮಾರು 1000 ಪ್ರತಿ ತೆಗೆಸಿ, ಕೈಯಿಂದ ಬಣ್ಣ ಹಾಕಿಸಿದನು. ಬೆಲೆ ಒಂದು ಷಿಲ್ಲಿಂಗು; ಬಡವರ ಕೈಗೆ ಎಟುಕುವ ಮಾತಲ್ಲ. ಕನ್ನಡಿಗರಿಗೆ 1843 ಎಂದೊಡನೆ ಬೇರೊಂದು ನೆನಪಾಗಬೇಕು. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ ಹೊರಟಿತು, ನಮ್ಮ ಭಾಷೆಯ ಮೊದಲ ವೃತ್ತಪತ್ರಿಕೆ. ಅದೂ ಕಲ್ಲಚ್ಚಿನದೇ. ಎರಡಕ್ಕೂ ನಂಟಿಲ್ಲ, ಆದರೆ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ನೀರು ಸವರಿ ಅಚ್ಚೊತ್ತುವ ಒಂದೇ ಉಪಾಯ ಅಲ್ಲಿ ಹಬ್ಬದ ಚಿತ್ರವಾಯಿತು, ಇಲ್ಲಿ ಕನ್ನಡದ ಸುದ್ದಿಯಾಯಿತು ಎಂಬುದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು ಕಿವಿ ನಿಮಿರಿಸುತ್ತಾರೆ.

ಅಂಚೆಯ ಕಾರ್ಡು ಹುಟ್ಟಿದ್ದು ಅದಾದ ಮೇಲೆ, 1869ರ ಅಕ್ಟೋಬರ್ 1ರಂದು, ಆಸ್ಟ್ರಿಯಾ-ಹಂಗೇರಿಯಲ್ಲಿ. ಬ್ರಿಟಿಷ್ ಇಂಡಿಯಾಕ್ಕೆ ಅದು 1879ರ ಜುಲೈಯಲ್ಲಿ ಕಾಲಾಣೆ ಬೆಲೆಗೆ ಬಂದಿತು. ಆಗಿನ ಕಾರ್ಡಿಗೆ ಚಿತ್ರವಿರಲಿಲ್ಲ. ಚಿತ್ರದ ಖಾಸಗಿ ಕಾರ್ಡಿಗೆ ಇಂಗ್ಲೆಂಡಿನಲ್ಲಿ 1894ರಲ್ಲಿ, ಅಮೆರಿಕದಲ್ಲಿ 1898ರಲ್ಲಿ ಅಗ್ಗದ ದರದ ಅನುಮತಿ ಸಿಕ್ಕಿತು. ಆಗ ಬಂದ ಪ್ರವಾಹವನ್ನು ಏನೆಂದು ಹೇಳಲಿ? 1908ರ ಜೂನಿಗೆ ಮುಗಿದ ಒಂದೇ ವರ್ಷದಲ್ಲಿ ಅಮೆರಿಕದ ಟಪಾಲಿನಲ್ಲಿ 67 ಕೋಟಿಗೂ ಮಿಕ್ಕಿ ಕಾರ್ಡುಗಳು ಓಡಾಡಿದವು.

ಈ ಕಾರ್ಡುಗಳಲ್ಲಿ ಅಂದವಾದವು ಬಹಳಮಟ್ಟಿಗೆ ಜರ್ಮನಿಯಲ್ಲಿ ಅಚ್ಚಾದವು. ಲಂಡನ್ನಿನ ರಾಫೆಲ್ ಟಕ್ ಕಂಪನಿ, ನ್ಯೂಯಾರ್ಕಿನ ಜಾನ್ ವಿನ್ಷ್, ಹೀಗೆ ಹೆಸರು ಹಾಕಿಕೊಂಡವರು ಬೇರೆಯಾದರೂ ಅಂಚಿನಲ್ಲಿ ಇರುವೆಯಂತಹ ಅಕ್ಷರದಲ್ಲಿ ‘ಪ್ರಿಂಟೆಡ್ ಇನ್ ಜರ್ಮನಿ’ ಎಂದೋ ‘ಸ್ಯಾಕ್ಸೊನಿ’ ಎಂದೋ ಇರುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹತ್ತು ಬಣ್ಣವೆಂದರೆ ಅದೇ ಹಾಳೆ ಹತ್ತು ಸಲ ಯಂತ್ರದ ಕೆಳಗೆ ಹೋಗಬೇಕು, ಕೂದಲೆಳೆಯಷ್ಟೂ ಸರಿಯಬಾರದು. ಬಣ್ಣವೆಲ್ಲ ಮುಗಿದ ಮೇಲೆ ಉಬ್ಬು. ಲೋಹದಲ್ಲಿ ತಗ್ಗಾಗಿ ಕೆತ್ತಿದ ಅಚ್ಚೊಂದು, ಅದಕ್ಕೆ ಸರಿಯಾಗಿ ಕೂರುವ ಉಬ್ಬಿನ ಎದುರಚ್ಚೊಂದು. ನಡುವೆ ದಪ್ಪ ರಟ್ಟನ್ನಿಟ್ಟು ಬಲವಾಗಿ ಒತ್ತಿದರೆ ಹಾಳೆ ಮೇಲೆದ್ದು ನಿಲ್ಲುತ್ತದೆ. ನಮ್ಮ ಬಿದರಿಯ ಕುಶಲಿಗಳಿಗೆ ಇದನ್ನು ತೋರಿಸಿದರೆ ಹೆಚ್ಚು ವಿವರಿಸಬೇಕಾಗಿಲ್ಲ. ಅವರಲ್ಲಿ ತಂತಿ ಕೂರಿಸುವ ತಾರ್‌ಕಶಿಯೂ ಇದೆ, ಬೆಳ್ಳಿ ಮೇಲಕ್ಕೆದ್ದು ಕಾಣುವ ಜರ್‌ಬುಲಂದ್ ಎಂಬ ಕೆಲಸವೂ ಇದೆ. ಒಮ್ಮೆ ಅಂತಹ ಹಿರಿಯರೊಬ್ಬರ ಕೈಗೆ ಒಂದು ಕಾರ್ಡನ್ನು ಕೊಟ್ಟೆ. ಅವರು ಚಿತ್ರವನ್ನು ನೋಡಲೇ ಇಲ್ಲ. ತಿರುಗಿಸಿ ಬೆನ್ನಿನ ತಗ್ಗನ್ನು ಹೆಬ್ಬೆರಳಿನಿಂದ ಸವರಿ, “ಅಚ್ಚು ಕಡದವಾ ಉಸ್ತಾದ ಇದ್ದಾನ ನೋಡ್ರಿ ಮಾಸ್ತರ” ಎಂದರು.

ಕಾರ್ಡು ಕೂಡಿಹಾಕುವವರ ಲೋಕದಲ್ಲಿ ಹಲವು ಚಪಲಗಳುಂಟು. ಗಡ್ಡದ ಮುದುಕನ ನಿಲುವಂಗಿ ಕೆಂಪಾಗಿದ್ದರೆ ಬೆಲೆ ಸಾಧಾರಣ. ಹಸಿರು, ಕಂದು, ನೀಲಿಯಾಗಿದ್ದರೆ ಏರುತ್ತದೆ. ಕೆಲವು ಕಾರ್ಡುಗಳಿಗೆ ಹಿಮದಂತೆ ಹೊಳೆಯಲೆಂದು ಅಭ್ರಕದ ಪುಡಿ, ಗಾಜಿನ ಪುಡಿ ಅಂಟಿಸುತ್ತಿದ್ದರು. ವಿಂಗಡಿಸುವ ಗುಮಾಸ್ತರ ಬೆರಳು ಕುಯ್ಯತೊಡಗಿದಾಗ ಅಮೆರಿಕದ ಅಂಚೆ ಇಲಾಖೆ ಇಂಥವನ್ನು ಲಕೋಟೆಯೊಳಗಿಟ್ಟೇ ಕಳಿಸಬೇಕೆಂದು ವಿಧಿಸಿತು. ಕೆಂಪೆದೆಯ ರಾಬಿನ್ ಹಕ್ಕಿ ಬಾಯಲ್ಲಿ ಕಾಗದ ಕಚ್ಚಿಕೊಂಡು ಬಾಗಿಲ ಬಳಿ ನಿಂತಿರುವ ಚಿತ್ರವೂ ಸಾಮಾನ್ಯ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಟಪಾಲಿನವರು ಕೆಂಪು ಕೋಟು ತೊಡುತ್ತಿದ್ದುದರಿಂದ ಅವರಿಗೇ ರಾಬಿನ್ ಎಂಬ ಅಡ್ಡಹೆಸರು ಬಿದ್ದಿತ್ತು; ಚಿತ್ರಕಾರನು ಆ ಹೆಸರನ್ನು ಹಿಡಿದು ಹಕ್ಕಿಯನ್ನೇ ಟಪಾಲಿನವನನ್ನಾಗಿ ಮಾಡಿದನು. ನಮ್ಮಲ್ಲಿಯೂ ‘ಹಂಸ’ಕ್ಕೆ ‘ಅಂಚೆ’ ಎಂಬ ತದ್ಭವವಿದೆ. ಟಪಾಲಿನ ಅಂಚೆಗೂ ಸಂದೇಶ ಒಯ್ಯುವ ಹಂಸಕ್ಕೂ ನಂಟು ಕಟ್ಟುವವರಿದ್ದಾರೆ. ಪಂಡಿತನಾಗಿ ನಾನು ಅಷ್ಟು ಧೈರ್ಯ ಮಾಡಲಾರೆ. ಆದರೂ ಆ ರಾಬಿನ್ ಕಂಡಾಗಲೆಲ್ಲ ಮನಸ್ಸು ಹಂಸದ ಕಡೆಗೆ ಹೋಗುವುದನ್ನು ತಡೆಯಲಾರೆ.

ಈ ವೈಭವ ಬಹುಕಾಲ ನಡೆಯಲಿಲ್ಲ. 1909ರಲ್ಲಿ ಅಮೆರಿಕ ಹೊರಗಿನ ಅಚ್ಚಿನ ಮೇಲೆ ಸುಂಕ ಏರಿಸಿತು. 1914ರಲ್ಲಿ ಯುದ್ಧ ಹತ್ತಿತು. ಜರ್ಮನಿಯ ಕಾರ್ಡು ನಿಂತಿತು. ಮತ್ತೊಂದು ಯುದ್ಧದಲ್ಲಿ, 1940ರ ಡಿಸೆಂಬರ್ 29ರ ರಾತ್ರಿ, ಬಾಂಬಿನ ಬೆಂಕಿಗೆ ಲಂಡನ್ನಿನ ರಾಫೆಲ್ ಟಕ್ ಭವನವೇ ಆಹುತಿಯಾಗಿ ಎಪ್ಪತ್ತು ವರ್ಷಕ್ಕೂ ಮೀರಿದ ಮೂಲಚಿತ್ರಗಳೂ ದಾಖಲೆಗಳೂ ಬೂದಿಯಾದವು. ಹೀಗಾಗಿ ಎಲ್ಲೋ ಯಾರ ಮನೆಯಲ್ಲೋ ಉಳಿದ ಕಾರ್ಡೇ ಆ ಕಂಪನಿಯ ಕೆಲಸಕ್ಕೆ ಸಾಕ್ಷಿಯಾಗಿ ನಿಂತಿದೆ.

ಇನ್ನು ಇವು ಬೀದರಿಗೆ ಬಂದ ಬಗೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನವರು ಬೀದರಿನಲ್ಲಿ ಕೆಲಸ ಮಾಡುತ್ತಿದ್ದರು. ಮುಂದೆ ಶಾಲೆ, ಆಸ್ಪತ್ರೆಗಳಾದವು, ಸುತ್ತಿನ ಹಳ್ಳಿಗಳಲ್ಲಿ ಸಭೆಗಳಾದವು. ನಾಡು ನಿಜಾಮರದು. ನಿಜಾಮರಿಗೆ ತಮ್ಮದೇ ಟಪಾಲು ಖಾತೆ, ತಮ್ಮದೇ ಸ್ಟಾಂಪು ಇದ್ದವು. ಅವು ರಾಜ್ಯದೊಳಗೆ ಮಾತ್ರ ನಡೆಯುತ್ತಿದ್ದವು. 1931ರಲ್ಲಿ ಹೊರಟ ಹನ್ನೆರಡಾಣೆಯ ಸ್ಟಾಂಪಿನ ಮೇಲೆ ನಮ್ಮ ಗವಾನನ ಮದರಸಾದ ಚಿತ್ರವೇ ಇದೆಯೆಂಬುದನ್ನು ಬೀದರಿನವರಲ್ಲಿಯೂ ಬಲ್ಲವರು ಕಡಿಮೆ. 1950ರಲ್ಲಿ ಆ ಖಾತೆ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಕಡಲಾಚೆಯ ಕಾಗದಗಳಾದರೋ ಮುಂಬಯಿಯಲ್ಲಿಳಿದು ರೈಲು ಹತ್ತಿ ಬರಬೇಕು. 1930ರ ಆಸುಪಾಸಿನಲ್ಲಿ ವಿಕಾರಾಬಾದಿನ ಕಡೆಯಿಂದ ಬೀದರಿಗೆ ರೈಲು ಬರುವ ತನಕ ಕೊನೆಯ ಹಾದಿಯೆಲ್ಲ ಬಂಡಿ, ಕುದುರೆ, ಕಾಲ್ನಡಿಗೆ. ಡಿಸೆಂಬರಿನ ಹಬ್ಬಕ್ಕೆ ಮುಟ್ಟಲೆಂದು ಹಾಕಿದ ಕಾರ್ಡು ಸಂಕ್ರಾಂತಿಗೆ ಮುಟ್ಟಿದರೂ ಆಶ್ಚರ್ಯವಿಲ್ಲ.

ಆದರೆ ನಮ್ಮ ಕಡೆ ಸಿಕ್ಕುವ ಕಾರ್ಡುಗಳಲ್ಲಿ ಹೆಚ್ಚಿನವು ಹೀಗೆ ವಿಳಾಸ ಹೊತ್ತು ಬಂದವಲ್ಲ. ಅವುಗಳ ಬೆನ್ನಿಗೆ ಬಿಳಿಯ ಕಾಗದ ಅಂಟಿಸಿರುತ್ತದೆ. ಅದೇಕೆಂದು ನನಗೆ ಬಹುಕಾಲ ಹೊಳೆಯಲಿಲ್ಲ. ಅಮೆರಿಕದ ಭಾನುವಾರ ಶಾಲೆಗಳ ಮಕ್ಕಳು ತಮಗೆ ಬಂದ ಚಿತ್ರದ ಕಾರ್ಡುಗಳನ್ನು ಎಸೆಯದೆ ಕೂಡಿಹಾಕಿ, ಬರೆದ ಮಗ್ಗುಲಿಗೆ ಖಾಲಿ ಕಾಗದ ಅಂಟಿಸಿ, ಕಟ್ಟು ಕಟ್ಟಿ ಹಿಂದೂಸ್ಥಾನ, ಚೀನ, ಆಫ್ರಿಕಗಳ ಮಿಷನ್ನುಗಳಿಗೆ ಕಳುಹಿಸುವ ಪದ್ಧತಿಯಿತ್ತು. ವಿಶ್ವ ಭಾನುವಾರ ಶಾಲಾ ಸಂಘದಲ್ಲಿ ಇಂತಹ ಮಿಕ್ಕ ಸಾಮಗ್ರಿಯನ್ನು ಹಂಚುವುದಕ್ಕೆಂದೇ ಒಂದು ವಿಭಾಗವಿತ್ತು. ಇಲ್ಲಿ ಅವನ್ನು ಹಾಜರಿಗೆ, ಪಾಠ ಒಪ್ಪಿಸಿದ್ದಕ್ಕೆ, ಕ್ರಿಸ್ಮಸ್ಸಿಗೆ ಮಕ್ಕಳ ಕೈಗೆ ಕೊಡುತ್ತಿದ್ದರು. ನಮ್ಮ ಕಡೆ ಉರ್ದು ಬಲ್ಲ ಹಿರಿಯರು ಈ ಹಬ್ಬವನ್ನು ಬಡಾದಿನವೆನ್ನುತ್ತಾರೆ. ಬಡಾದಿನದ ಬಹುಮಾನವೆಂದರೆ ಒಂದು ಕಾರ್ಡು.

ಅಂಟಿಸಿದ ಆ ಬಿಳಿಯ ಕಾಗದದ ಮೇಲೆ ಇಲ್ಲಿಯವರು ಏನಾದರೂ ಬರೆದಿರುತ್ತಾರೆ. ಮಗುವಿನ ಹೆಸರು, ಹಾಜರಿಯ ಲೆಕ್ಕ, ಊರು. ಕೆಲವು ಮರಾಠಿಯಲ್ಲಿ, ಕೆಲವು ಉರ್ದುವಿನಲ್ಲಿ, ಕೆಲವು ಕನ್ನಡದಲ್ಲಿ. ಇಲ್ಲಿಗೆ ನನ್ನ ಸಂಬಂಧ ತಿಳಿಯಿತಷ್ಟೆ.

ಆ ಕಾಲದ ಬೀದರ ಸೀಮೆಯಲ್ಲಿ ಕನ್ನಡ ಬರೆಯುವುದೆಂದರೆ ಸುಲಭದ ಮಾತಾಗಿರಲಿಲ್ಲ. ಕಚೇರಿಯದು ಉರ್ದು, ಸರ್ಕಾರಿ ಶಾಲೆಯದು ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ನಮ್ಮ ಭಾಗದ ಮಕ್ಕಳೆಲ್ಲ ಬಲ್ಲರು. ಮಠಗಳಲ್ಲಿ ಓಲೆಗರಿಗಳು ಉಳಿದಿವೆ, ಶಾಸನಗಳು ಕಲ್ಲಿನ ಮೇಲಿವೆ. ಆದರೆ ಬಡವರ ಮನೆಯ ಹುಡುಗಿಯೊಬ್ಬಳು ತನ್ನ ಹೆಸರನ್ನು ತಾನೇ ಕನ್ನಡದಲ್ಲಿ ಬರೆದುಕೊಂಡದ್ದು ಎಲ್ಲಿ ಸಿಕ್ಕೀತು? ಯಾವ ದಫ್ತರದಲ್ಲಿಯೂ ಅದಕ್ಕೆ ಸ್ಥಳವಿಲ್ಲ. ಅದು ಸಿಕ್ಕುವುದು ಇಂತಹ ಕಾರ್ಡಿನ ಬೆನ್ನಿನ ಮೇಲೆ.

ಇದನ್ನು ತಿಳಿಯುವ ಮೊದಲೇ ನಾನೊಂದು ಅಪರಾಧ ಮಾಡಿದೆ. ಕೆಲಸಕ್ಕೆ ಸೇರಿದ ಹೊಸತು. ಬೀದರಿನ ಗುಜರಿ ಅಂಗಡಿಯಲ್ಲಿ ಹಳೆಯ ಪುಸ್ತಕಗಳ ನಡುವೆ ಒಂದು ಕಾರ್ಡು ಸಿಕ್ಕಿತು: ನಾಲ್ಕು ಗಂಟೆಗಳು, ಚಿನ್ನದ ಅಂಚು. ಹಿಂದೆ ಅಂಟಿಸಿದ ಕಾಗದದ ಮೇಲೆ ಮಸಿಯಲ್ಲಿ ಎರಡು ಸಾಲು ಕನ್ನಡ. ಮೊದಲ ಸಾಲಿನಲ್ಲಿ ‘ಐತವಾರ’ ಎಂಬುದನ್ನು ಓದಿದೆ. ಆದಿತ್ಯವಾರದಿಂದ ಬಂದ ನಮ್ಮ ಕಡೆಯ ರೂಪವೆಂದು ಸಂತೋಷಪಟ್ಟೆ. ಮಿಕ್ಕದ್ದನ್ನು ಆಮೇಲೆ ನೋಡೋಣವೆಂದು ಬಿಟ್ಟೆ. ನನ್ನ ಕುತೂಹಲವೆಲ್ಲ ಕೆಳಗಿನ ಸ್ಟಾಂಪಿನ ಮೇಲೆ. ಕಾಗದದ ಬಲ ಮೂಲೆಯಲ್ಲಿ ಚೌಕವಾಗಿ ಉಬ್ಬಿದ್ದು ಕಾಣುತ್ತಿತ್ತು. ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಕಾರ್ಡನ್ನು ಮಲಗಿಸಿದೆ. ಕಾಗದ ಬಿಟ್ಟುಬಂದಿತು. ಅದರ ಕೆಳಗೆ ಒಂದು ಸೆಂಟಿನ ಹಸಿರು ಸ್ಟಾಂಪು, ಯಾವುದೋ ಮಗುವಿನ ಇಂಗ್ಲಿಷ್ ಶುಭಾಶಯ. ಬಿಟ್ಟುಬಂದ ಕಾಗದದ ಮೇಲೆ ಏನಿತ್ತು? ನೀಲಿಯ ಒಂದು ಕಲೆ. ಕನ್ನಡದ ಎರಡು ಸಾಲೂ ನೀರಿನಲ್ಲಿ ಕರಗಿಹೋಗಿದ್ದವು. ಆ ತಟ್ಟೆಯ ನೀರನ್ನು ಚೆಲ್ಲುವುದಕ್ಕೆ ನನಗೆ ಕೈ ಬರಲಿಲ್ಲ; ಸಂಜೆಯ ತನಕ ಹಾಗೆಯೇ ಇಟ್ಟಿದ್ದೆ.

ಆ ಹಸಿರು ಸ್ಟಾಂಪು ಒಂದು ವಿಷಯವನ್ನು ಕಲಿಸಿತು. ಅಮೆರಿಕದೊಳಗೆ ಕಾರ್ಡಿನ ದರ ಒಂದು ಸೆಂಟು, ಹೊರದೇಶಕ್ಕೆ ಎರಡು. ಒಂದು ಸೆಂಟಿನದಾದರೆ ಅದು ಮೊದಲು ಅಲ್ಲಿಯೇ ಒಂದು ಊರಿಂದ ಇನ್ನೊಂದೂರಿಗೆ ಹೋಗಿ, ಓದಿಸಿಕೊಂಡು, ಅನಂತರ ಕಟ್ಟಿನೊಳಗೆ ಸೇರಿ ಹಡಗು ಹತ್ತಿದ್ದು. ಎರಡು ಸೆಂಟಿನ ಕೆಂಪು ಸ್ಟಾಂಪಿದ್ದರೆ ವಿಳಾಸ ಹಿಡಿದು ನೇರವಾಗಿ ಬಂದದ್ದಿರಬಹುದು. ಹಿಂಬದಿಯ ನಡುವೆ ಗೆರೆಯೆಳೆದು ಒಂದು ಕಡೆ ವಿಳಾಸ, ಒಂದು ಕಡೆ ಒಕ್ಕಣೆ ಎಂದು ವಿಭಾಗಿಸಿದ್ದರೆ ಇಂಗ್ಲೆಂಡಿನದಾದರೆ 1902ಕ್ಕೆ, ಅಮೆರಿಕದ್ದಾದರೆ 1907ರ ಮಾರ್ಚಿಗೆ ಈಚಿನದು. ಈ ಲೆಕ್ಕಗಳು ಕೂಡಿಹಾಕುವವರಿಗೆಲ್ಲ ಗೊತ್ತು. ಇವನ್ನು ತಿಳಿಯಲು ಕಾಗದ ಕೀಳಬೇಕಾಗಿಲ್ಲವೆಂಬುದು ನನಗೆ ತಡವಾಗಿ ಗೊತ್ತಾಯಿತು. ಕತ್ತಲೆ ಕೋಣೆಯಲ್ಲಿ ಕಾರ್ಡನ್ನು ಮೇಜಿನ ಮೇಲಿಟ್ಟು, ಒಂದು ಬದಿಯಿಂದ ಓರೆಯಾಗಿ ಟಾರ್ಚಿನ ಬೆಳಕು ಬಿಟ್ಟರೆ ಒಳಗಿನ ಸ್ಟಾಂಪಿನ ಅಂಚೂ, ಒತ್ತಿ ಬರೆದ ಪೆನ್ಸಿಲಿನ ಗೀರೂ ನೆರಳಾಗಿ ಎದ್ದುಬರುತ್ತವೆ. ಇದನ್ನು ನನಗೆ ತೋರಿಸಿಕೊಟ್ಟವಳು ಒಂಬತ್ತನೆಯ ತರಗತಿಯ ಹುಡುಗಿ.

ಆ ಹುಡುಗಿಯ ಮನೆ ಭಾಲ್ಕಿಯಲ್ಲಿ. ಅವಳ ಮನೆಯ ಅಜ್ಜಿ ನರ್ಸಾಗಿದ್ದು ನಿವೃತ್ತರಾದವರು. ಅಜ್ಜಿಯ ತಾಯಿ ಬೀದರಿನ ಮಿಷನ್ನಿನ ಆಶ್ರಯದಲ್ಲಿ ಓದಿದವರು. ಒಂದು ತಗಡಿನ ಡಬ್ಬಿಯಲ್ಲಿ 31 ಕಾರ್ಡುಗಳಿದ್ದವು. ನಾನು ಹೋದಾಗ ಅಜ್ಜಿ ಮಂಚದ ಮೇಲೆ ಹಳೆಯ ಸೀರೆಯೊಂದನ್ನು ಹಾಸಿ ಒಂದೊಂದನ್ನೇ ಇಟ್ಟರು. ಇಸ್ಪೀಟಿನಂತೆ ಕಲಸಲು ಬಿಡಲಿಲ್ಲ. “ಹಿಂಗ ಇಡಬೇಕ್ರಿ ಸರ, ಒಂದರ ಮ್ಯಾಲ ಒಂದು ಒತ್ತಿದ್ರ ಹೂವು ಸಾಯ್ತಾವ” ಎಂದರು. ಎಷ್ಟು ಸರಿಯಾದ ಮಾತು! ಉಬ್ಬಚ್ಚಿನ ಕಾರ್ಡಿನ ಮೇಲೆ ಭಾರ ಹೇರಿದರೆ ಉಬ್ಬು ಚಪ್ಪಟೆಯಾಗುತ್ತದೆ. ಒಂದೊಂದರ ನಡುವೆ ತೆಳುವಾದ ಹಾಳೆಯಿಟ್ಟು ನಿಲ್ಲಿಸಿಡುವುದು ಲೇಸು. ಅಂಟು ಹಾಕಿ ಆಲ್ಬಮ್ಮಿಗೆ ಹಚ್ಚಬಾರದು. ಎಲ್ಲಕ್ಕಿಂತ ದೊಡ್ಡ ಶತ್ರು ಪೇಟೆಯ ಲ್ಯಾಮಿನೇಷನ್ನು: ಬಿಸಿ ಉರುಳೆಯ ಕೆಳಗೆ ಒಮ್ಮೆ ಹೋದ ಕಾರ್ಡು ಮತ್ತೆ ಕಾರ್ಡಾಗಿ ಹೊರಬರುವುದಿಲ್ಲ. ಬೀದರಿನ ಮನೆಯೊಂದರಲ್ಲಿ ಪ್ರೀತಿಯಿಂದಲೇ ಹೀಗೆ ಮಾಡಿಸಿದ್ದ ಆರು ಕಾರ್ಡುಗಳನ್ನು ನೋಡಿ ನಾನು ಮಾತಾಡದೆ ಚಹ ಕುಡಿದು ಬಂದಿದ್ದೇನೆ.

ಅಜ್ಜಿಯ 31ರಲ್ಲಿ 20ಕ್ಕೆ ಬೆನ್ನ ಕಾಗದವಿತ್ತು. ಅದರಲ್ಲಿ ಏಳರ ಮೇಲೆ ಕನ್ನಡ. ಒಂದರ ಮೇಲೆ, ಸ್ಲೇಟಿನ ಮೇಲೆ ತಿದ್ದಿದಂತಹ ದುಂಡನೆಯ ಅಕ್ಷರದಲ್ಲಿ, ಅವರ ತಾಯಿಯ ಹೆಸರು, ಅದರ ಕೆಳಗೆ ‘ಭಾಲಕಿ’, ಅದರ ಕೆಳಗೆ ‘ಹಾಜರಿ 49’. ಹೆಸರಿನಲ್ಲಿ ಒತ್ತಕ್ಷರವೊಂದು ತಪ್ಪಾಗಿ, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾಗಿ ಬರೆದಿದೆ. ತಿದ್ದಿದ ಕೈಯೂ ಅದೇ. ವರ್ಷಕ್ಕೆ 52 ಐತವಾರ. ಮೂರು ಮಾತ್ರ ತಪ್ಪಿಸಿದ ಹುಡುಗಿ. ಆ ಮೂರು ಐತವಾರ ಜ್ವರವೋ, ಸುಗ್ಗಿಯ ಕೂಲಿಯೋ, ಮಳೆಗೆ ಹೊಳೆ ಬಂದು ದಾರಿ ಕಟ್ಟಿತ್ತೋ! ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಒತ್ತಕ್ಷರ ತಿದ್ದಿಸಿದವನು; ಆ ಹೊಡೆದುಹಾಕಿದ ಅಕ್ಷರವನ್ನು ನೋಡುತ್ತ ಬಹಳ ಹೊತ್ತು ಕುಳಿತೆ.

ಆಗಲೇ ಮನೆಯಲ್ಲಿ ಒಂದು ಚರ್ಚೆ ನಡೆದಿತ್ತು. ಹೊರಊರಿನ ವ್ಯಾಪಾರಿಯೊಬ್ಬ ಬಂದು ಎಲ್ಲವನ್ನೂ ಒಟ್ಟಿಗೆ ಕೇಳಿದ್ದ. ಬೆನ್ನಿನ ಕಾಗದವನ್ನು ಕಿತ್ತು ‘ಸ್ವಚ್ಛ’ ಮಾಡಿದರೆ ಸ್ಟಾಂಪೂ ಮೊಹರೂ ಕಾಣುತ್ತವೆ, ಬೆಲೆ ಇಮ್ಮಡಿಯಾಗುತ್ತದೆ ಎಂದಿದ್ದ. ಮನೆಯ ಮೊಮ್ಮಗನಿಗೆ ಕಾಲೇಜಿನ ಫೀಜು ಕಟ್ಟಬೇಕಾಗಿತ್ತು. ಅವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ: ಡಬ್ಬಿಯಲ್ಲಿ ಕುಳಿತ ಕಾರ್ಡು ಯಾರಿಗೆ ಅನ್ನ ಹಾಕೀತು? ಅಜ್ಜಿ ನನ್ನ ಮುಖ ನೋಡಿದರು. ಮಾರಬೇಡಿ ಎನ್ನುವ ಅಧಿಕಾರ ನನಗೆಲ್ಲಿಯದು. ಫೀಜನ್ನು ನಾನು ಕಟ್ಟುವವನಲ್ಲ. ನನ್ನ ತಟ್ಟೆಯ ನೀರಿನ ಕಥೆಯನ್ನು ಮುಚ್ಚಿಡದೆ ಹೇಳಿದೆ. ಆಗಲೇ ಆ ಹುಡುಗಿ ಬಾಗಿಲು ಮುಚ್ಚಿ, ಮೊಬೈಲಿನ ದೀಪವನ್ನು ಓರೆಯಾಗಿ ಹಿಡಿದು, “ನೋಡ್ರಿ ಸರ್, ಕೀಳದನೇ ಕಾಣ್ತದ” ಎಂದದ್ದು. ಹಾಜರಿಯ ಅಕ್ಷರಗಳ ಕೆಳಗಿನಿಂದ ಸ್ಟಾಂಪಿನ ಹಲ್ಲುಹಲ್ಲಾದ ಅಂಚು ಮೇಲೆದ್ದಿತು. ಮೊಮ್ಮಗನೂ ಬಗ್ಗಿ ನೋಡಿದ.

ಕೊನೆಗೆ ಆದದ್ದು ಇಷ್ಟು. ಬೆನ್ನ ಕಾಗದವಿಲ್ಲದ ಹನ್ನೊಂದು ಕಾರ್ಡುಗಳನ್ನು ಮಾರಿದರು. ಅದರಲ್ಲಿ ನೀಲಿ ನಿಲುವಂಗಿಯ ಮುದುಕನ ಕಾರ್ಡೊಂದು ಇತ್ತು. ಅದಕ್ಕೇ ಮಿಕ್ಕ ಹತ್ತಕ್ಕಿಂತ ಹೆಚ್ಚು ಹಣ ಬಂದಿತೆಂದು ಕೇಳಿದೆ. ಫೀಜಿನ ಒಂದು ಕಂತಿಗೆ ಅದು ಸಾಕಾಯಿತು, ಎರಡನೆಯದಕ್ಕೆ ಸಾಲವೇ ಆಯಿತು. ಕಾಗದ ಅಂಟಿದ ಇಪ್ಪತ್ತು ಡಬ್ಬಿಯಲ್ಲಿಯೇ ಉಳಿದವು. ಅವುಗಳ ಎರಡೂ ಮಗ್ಗುಲಿನ ಚಿತ್ರ ತೆಗೆದು, ಬರೆದದ್ದನ್ನು ಇದ್ದಂತೆಯೇ, ತಪ್ಪಿದ ಒತ್ತಕ್ಷರವನ್ನೂ ಬಿಡದೆ, ನಾನು ಒಂದು ವಹಿಯಲ್ಲಿ ನಕಲು ಮಾಡಿಕೊಂಡಿದ್ದೇನೆ. ಆಮೇಲೆ ಔರಾದದ ಎರಡು ಮನೆಗಳಿಂದಲೂ ಬೀದರಿನ ಒಂದು ಮನೆಯಿಂದಲೂ ಕರೆ ಬಂದಿತು. ಔರಾದದ ಕಾರ್ಡುಗಳಲ್ಲಿ ಮರಾಠಿಯೇ ಹೆಚ್ಚು. ಒಂದರಲ್ಲಿ ಮಾತ್ರ ಮೇಲೆ ಮೋಡಿಯಂತಹ ಬರಹ, ಕೆಳಗೆ ಕನ್ನಡದ ಅಂಕಿ. ಮೋಡಿ ಬಲ್ಲವರೊಬ್ಬರಿಗೆ ಅದನ್ನು ತೋರಿಸಬೇಕೆಂದಿದ್ದೇನೆ.

ಆ ಹುಡುಗಿ ಹೈಸ್ಕೂಲು ಮುಗಿಸಿ ಬೀದರಿನ ಕಾಲೇಜಿಗೆ ಸೇರಿದ್ದಾಳೆ. ಕಳೆದ ಡಿಸೆಂಬರಿನಲ್ಲಿ ಒಂದು ಸಾದಾ ಅಂಚೆ ಕಾರ್ಡು ನನ್ನ ಶಾಲೆಯ ವಿಳಾಸಕ್ಕೆ ಬಂದಿತು. ಚಿತ್ರವಿಲ್ಲ, ಉಬ್ಬಿಲ್ಲ. ಎರಡು ಸಾಲು ಕುಶಲ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಾಜರಿ 52’ ಎಂದು ಬರೆದಿದ್ದಳು.